ಎಂಟನೆಯ ಟ್ಯಾಪೆಟ್ಟು

"ನಾಡಿದ್ದು ಬರ್ರಿ, ಮೈಕ್ ಸಾಬ್."

ಈ ಮಾತು ನೆನಪಾದರೆ ಸಾಕು, ಈಗಲೂ ನನಗೆ ಮೈ ಉರಿಯುತ್ತದೆ. ಹೇಳಿದವನು ಮಣ್ಣು ಸೇರಿ ಎಷ್ಟೋ ವರ್ಷವಾಯಿತು. ರಾಯಚೂರಿನಲ್ಲಿ ಹಳೆಯ ಡ್ರೈವರುಗಳು ಸಿಕ್ಕಾಗಲೆಲ್ಲ "ಅಂಥಾ ಮಿಸ್ತ್ರಿ ಮತ್ತ ಹುಟ್ಟಂಗಿಲ್ಲ ಬಿಡ್ರಿ" ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ಹುಟ್ಟದಿದ್ದರೇ ಒಳ್ಳೆಯದು ಮಾರಾಯರೇ! ಅಂಥವನು ಇನ್ನೊಬ್ಬ ಹುಟ್ಟಿಬಿಟ್ಟರೆ, ಅವನ ಕೈಗೆ ರಿಪೇರಿಗೆ ಗಾಡಿ ಕೊಟ್ಟು ಕಾಯುತ್ತ ಕೂಡುವಷ್ಟು ಆಯುಷ್ಯ ನನ್ನಲ್ಲಿ ಉಳಿದಿಲ್ಲ.

ನನ್ನ ಕಸುಬು ಮೈಕಿನದು. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮೂರಿನ ಒಂದು ಟಾಕೀಸಿಗೆ ನಾನು ಪ್ರಚಾರ ಮಾಡುತ್ತಿದ್ದೆ. ಅದೇ ಮಾಲೀಕರದು ಮಾನ್ವಿಯಲ್ಲೊಂದು, ದೇವದುರ್ಗದಲ್ಲೊಂದು ಟೆಂಟಿನ ಟಾಕೀಸು. ಹೊಸ ಸಿನಿಮಾ ಬಂದಾಗಲೆಲ್ಲ ಮೂರೂ ಊರಿನ ಓಣಿ ಓಣಿಯಲ್ಲಿ ಗಾಡಿ ತಿರುಗಿಸಿ ಕೂಗಬೇಕು. ತಲೆಯ ಮೇಲೆ ಎರಡು ಸ್ಪೀಕರಿನ ಹಾರ್ನು ಹೊತ್ತ ಹಳೆಯ ಕಾರು ನನ್ನದು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಮೈಕು. ದನಿ ಮಾತ್ರ ಹೇಳಿಕೊಳ್ಳುವ ಹಾಗಿತ್ತು. ಬಾಯಿ ಬಿಟ್ಟರೆ ಓಣಿಯ ಹೆಂಗಸರು ಒಲೆಯ ಮೇಲಿನ ರೊಟ್ಟಿ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಆ ಬಾಯಿಯೊಂದನ್ನು ಬಿಟ್ಟರೆ ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಇವತ್ತಿಗೂ ಬರುವುದಿಲ್ಲ.

ಆದರೆ ಆ ಗಾಡಿ! ಜೋರಾಗಿ ಓಡಿಸಿದರೆ ಪರವಾಗಿಲ್ಲ. ಓಣಿಯಲ್ಲಿ ನಿಧಾನ ಮಾಡಿದೆನೋ, ಇಂಜಿನ್ನಿನೊಳಗಿಂದ ಟಕಟಕ ಟಕಟಕ ಎಂದು ಶುರು. ಪ್ರಚಾರದ ಗಾಡಿ ನಿಧಾನ ಹೋಗದೆ ಇನ್ನು ಹೇಗೆ ಹೋಗಬೇಕು? ಆ ಬಡಿತವನ್ನು ನನ್ನ ಮೈಕು ಸಂತೋಷದಿಂದ ಹಿಡಿದು ಊರಿಗೆಲ್ಲ ಹಂಚುತ್ತಿತ್ತು. ನಾಯಕನ ಹೆಸರೂ ಟಕಟಕ, ನಾಯಕಿಯ ಹೆಸರೂ ಟಕಟಕ. ಒಂದು ದಿನ ಟಾಕೀಸಿನ ಮ್ಯಾನೇಜರು ನನ್ನನ್ನು ಕರೆಸಿದರು.

"ಏನ್ರಿ, ನೀವು ಪಿಕ್ಚರಿನ ಹೆಸರು ಹೇಳಾಕತ್ತೀರೋ, ಹಿಟ್ಟಿನ ಗಿರಣಿ ನಡಸಾಕತ್ತೀರೋ?" ಎಂದರು. ನಾನು ಹಲ್ಲು ಕಿರಿದೆ. ಅವರು ನಗಲಿಲ್ಲ. "ದಸರಾಕ್ಕ ದೊಡ್ಡ ಪಿಕ್ಚರ್ ಬರ್ತದ. ಅಷ್ಟರಾಗ ನಿಮ್ಮ ಗಾಡಿ ಬಾಯಿ ಮುಚ್ಚಬೇಕು. ಇಲ್ಲಂದ್ರ ಇನ್ನೊಬ್ಬಾತ ಹೊಸ ವ್ಯಾನ್ ತಂದಾನ, ಅವಗ ಕೊಡ್ತೀನಿ ಕೆಲಸ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರವೇ? ಮನೆಗೆ ಹೋಗಿ ದಿನ ಎಣಿಸಿದೆ. ದಸರೆಗೆ ಇನ್ನೊಂದು ತಿಂಗಳು.

ಊರಿನ ಮಿಸ್ತ್ರಿಗಳನ್ನೆಲ್ಲ ಆಗಲೇ ನೋಡಿಯಾಗಿತ್ತು. ಎಲ್ಲರೂ ಮಾಡಿದ್ದು ಒಂದೇ ಕೆಲಸ. ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದು, ವಾಲುಗಳ, ಅಂದರೆ ಇಂಜಿನ್ನಿನ ಗಾಳಿ ಬಾಗಿಲುಗಳ, ತಲೆಯ ಮೇಲಿರುವ ಸಣ್ಣ ಸಂದನ್ನು ಸ್ಕ್ರೂ ತಿರುಗಿಸಿ ಬಿಗಿ ಮಾಡುವುದು. ಒಂದು ವಾರ ಗಾಡಿ ಬೆಕ್ಕಿನ ಹಾಗೆ ಇರುತ್ತಿತ್ತು. ಆಮೇಲೆ ಏರು ಬಂದರೆ ಏದುಸಿರು, ಬೆಳಿಗ್ಗೆ ನೂಕದಿದ್ದರೆ ಚಾಲೂ ಇಲ್ಲ. ಮತ್ತೆ ಸಡಿಲ ಮಾಡಿಸು, ಮತ್ತೆ ಟಕಟಕ. ಕೊನೆಗೆ ಯಾರೋ ಲಾರಿಯವರು ಈ ಮಹಾನುಭಾವನ ದಾರಿ ತೋರಿಸಿದರು. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮಾನ್ವಿ ರಸ್ತೆಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಗೋಡೆಗೆ ಆನಿಸಿ ಹಾಕಿದ ತಗಡಿನ ಶೆಡ್ಡು. ಬೋರ್ಡಿಲ್ಲ. ಜಿನ್ನು ಶುರುವಾಯಿತೆಂದರೆ ಅಲ್ಲಿ ಪಕ್ಕದಲ್ಲಿ ನಿಂತವನ ಮಾತು ಕೇಳುವುದಿಲ್ಲ. ಸದ್ದು ಹುಡುಕುವ ಮನುಷ್ಯ ಅಂಥ ಜಾಗದಲ್ಲಿ ಕೂತಿದ್ದ! ಸಣಕಲು ಮೈ, ಹೆಗಲ ಮೇಲೆ ಎಣ್ಣೆ ಕುಡಿದ ಬಟ್ಟೆ, ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರು. ನಾನು ಗಾಡಿ ನಿಲ್ಲಿಸಿ ಸಮಸ್ಯೆ ವಿವರಿಸತೊಡಗಿದೆ. ನನ್ನ ವಿವರಣೆ ನಿಮಗೆ ಗೊತ್ತಿಲ್ಲ, ಮೈಕಿಲ್ಲದಿದ್ದರೂ ಮೈಕಿನವನದೇ. ಆತ ಕೈ ಎತ್ತಿದ.

"ಸಾಬ್, ಬಾಯಿ ಬಂದ್ ಮಾಡ್ರಿ. ಗಾಡಿ ಮಾತಾಡಾಕತ್ತದ."

ಹುಟ್ಟಿದಾಗಿನಿಂದ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಮಿಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಕಟ್ಟಿಗೆಯ ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದ. ಜಿನ್ನು ಅಬ್ಬರಿಸುತ್ತಿತ್ತು. ಇಂಜಿನ್ನಿನ ಮೇಲೆ ಎಂಟು ಕಡೆ ಹೀಗೆ ಒತ್ತಿ ಒತ್ತಿ ಕೇಳಿದ. ಒಬ್ಬೊಬ್ಬರ ದೂರನ್ನು ಪ್ರತ್ಯೇಕವಾಗಿ ಆಲಿಸುವ ತಹಶೀಲ್ದಾರನ ಹಾಗೆ. ನಾನು ಬಿಸಿಲಲ್ಲಿ ನಿಂತೇ ಇದ್ದೆ.

"ಬಿಗಿ ಮಾಡ್ರಿ, ಸಪ್ಪಳ ಹೋದ್ರ ಸಾಕು," ಎಂದೆ.

"ನಕ್ಕೋ ಸಾಬ್, ಬ್ಯಾಡ. ಬಿಗಿ ಮಾಡಿದ್ರ ಸಪ್ಪಳ ಹೋಗ್ತದ, ಹಿಂದೇ ಇಂಜಿನ್ನೂ ಹೋಗ್ತದ. ಕೂಲಿ ಮಾಡಾವಗ ಉಸಿರು ಬಿಡಾಕ ಜಾಗ ಬ್ಯಾಡೇನು? ಗ್ಯಾಪ್ ಇರಬೇಕು."

ಆಮೇಲೆ ನನಗೆ ಪಾಠ. ತನ್ನ ಮುಷ್ಟಿಯ ಮೇಲೆ ಬೀಡಿ ಕಟ್ಟು ಇಟ್ಟು, ಅದರ ಮೇಲೊಂದು ಕಡ್ಡಿ ನಿಲ್ಲಿಸಿ ತೋರಿಸಿದ. ಒಳಗೆ ಟ್ಯಾಪೆಟ್ಟು ಎಂಬ ಎಂಟು ಗಿಡ್ಡ ಬಟ್ಟಲುಗಳಿವೆ. ಒಂದೊಂದು ಬಟ್ಟಲಲ್ಲಿ ಒಂದೊಂದು ಉದ್ದ ರಾಡು ನಿಂತಿದೆ. ಬಟ್ಟಲು ಎದ್ದಾಗ ರಾಡು ಮೇಲೆ ಹೋಗಿ ವಾಲನ್ನು ತೆರೆಯುತ್ತದೆ. "ಗಿಡ್ಡನ ತಲಿ ಮ್ಯಾಲೆ ಉದ್ದನ ಕೋಲು ನಿಂತ್ರ ನಡುಗ್ತದ. ಅದಕ್ಕ ಟಕಟಕ. ಇದೇ ಇಂಜಿನ್ನು ಈಗ ಹೊಸಾದು ಬಂದದ ನೋಡ್ರಿ, ಅದರಾಗ ಟ್ಯಾಪೆಟ್ಟು ಉದ್ದ, ರಾಡು ಗಿಡ್ಡ. ಎತ್ತರದವನ ತಲಿ ಮ್ಯಾಲೆ ಸಣ್ಣ ಕೋಲು. ನಡುಗಂಗಿಲ್ಲ. ಹೊಸಾ ಇಂಜಿನ್ನಿನ ಎಂಟು ಜೋಡಿ ತಂದು ಇದರಾಗ ಕುಂದ್ರಸಿದ್ರ ಹಗೂರಕ ಮಲಗಿಬಿಡ್ತದ ನಿಮ್ಮ ಗಾಡಿ."

"ಕೂಡ್ತಾವೇನು?"

"ಕೂಡ್ತಾವ. ಒಬ್ಬ ಅಪ್ಪನ ಮಕ್ಕಳು."

"ಎಷ್ಟು ದಿನ?"

"ಎರಡು ದಿನ. ನಾಡಿದ್ದು ಬರ್ರಿ, ಮೈಕ್ ಸಾಬ್."

ಹೋದೆ ನಾಡಿದ್ದು. ಇಂಜಿನ್ನು ಬಿಚ್ಚಿ ಹಾಕಿತ್ತು. ನನ್ನ ಹಳೆಯ ಎಂಟು ಟ್ಯಾಪೆಟ್ಟು, ಎಂಟು ರಾಡು ಗೋಣಿಚೀಲದ ಮೇಲೆ ಪಂಕ್ತಿಯೂಟಕ್ಕೆ ಕೂತ ಹಾಗೆ ಸಾಲಾಗಿದ್ದವು. ಹೊಸದು ಎಲ್ಲಿ? ಹುಡುಕಬೇಕಂತೆ! ಅಂದರೆ ಸಾಮಾನು ಎಲ್ಲಿದೆ ಎಂದೇ ಗೊತ್ತಿಲ್ಲದೆ ಈ ಪುಣ್ಯಾತ್ಮ ನನ್ನ ಗಾಡಿಯ ಎದೆ ಸೀಳಿದ್ದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಆತ ಬಸಿಗೆ ಚಹಾ ಸುರಿದು ಊದಿ ಊದಿ ಕುಡಿದು, ನನ್ನ ಬೈಗುಳ ಮುಗಿದ ಮೇಲೆ ಉಳಿದ ಅರ್ಧ ಕಪ್ಪು ನನ್ನ ಕಡೆ ಸರಿಸಿದ. ಬೈದವನಿಗೆ ಚಹಾ ಕೊಟ್ಟರೆ ಬೈದವನ ಗತಿ ಏನಾಗಬೇಕು ಹೇಳಿ.

ವಾರ ಕಳೆದ ಮೇಲೆ ಮಾನ್ವಿಯ ಗುಜರಿಯಲ್ಲಿ ಸಾಮಾನು ಸಿಕ್ಕಿತು. ಕಲ್ಲೂರಿನ ಹತ್ತಿರ ಹಳ್ಳಕ್ಕೆ ಬಿದ್ದು ಜಜ್ಜಿಹೋದ ಹೊಸ ಮಾದರಿಯ ಕಾರಿನದು. ನಾನು ಕುಣಿದಾಡಿದೆ. ಮಿಸ್ತ್ರಿ ಗೋಣಿಚೀಲದ ಮೇಲೆ ಇನ್ನೊಂದು ಪಂಕ್ತಿ ಹೂಡಿದ. ಎಣಿಸಿದೆ. ಏಳು ಜೋಡಿ.

"ಎಂಟನೇದು ಯಾರೋ ಒಯ್ದಾರ," ಎಂದ.

"ಹೋಗ್ಲಿ ಬಿಡ್ರಿ. ಏಳು ಹೊಸವು ಹಾಕ್ರಿ, ಒಂದು ಹಳೇದಿರಲಿ."

ಆತ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ಏಳು ಮಂದಿ ಸುಮ್ಮನ ಕುಂತು ಒಬ್ಬಾವ ಮಾತಾಡಿದ್ರ, ಅವನ ಮಾತೇ ಊರಿಗೆಲ್ಲ ಕೇಳ್ತದ. ನಾಡಿದ್ದು ಬರ್ರಿ."

ಹೀಗೆ ಎಷ್ಟು ನಾಡಿದ್ದು! ನಾನು ಗಾಡಿಯಿಲ್ಲದೆ ಬಾಡಿಗೆಯ ಸೈಕಲ್ಲಿನ ಮೇಲೆ ತಗಡಿನ ತುತ್ತೂರಿ ಹಿಡಿದು ಕೂಗುತ್ತ ತಿರುಗಿದೆ. ಗಂಟಲು ಹರಿದುಹೋಯಿತು. ಹೊಸ ವ್ಯಾನಿನವನು ಟಾಕೀಸಿನ ಮುಂದೆ ಬಂದು ಮ್ಯಾನೇಜರಿಗೆ ಎಲೆ-ಅಡಿಕೆ ಕೊಡುವುದನ್ನು ಕಣ್ಣಾರೆ ಕಂಡೆ. ದಸರೆಗೆ ಹನ್ನೆರಡು ದಿನ ಇತ್ತು. ನನ್ನ ತಲೆ ಕೆಟ್ಟಿತು.

ಒಂದು ಶುಕ್ರವಾರ ಮಿಸ್ತ್ರಿ ಮಧ್ಯಾಹ್ನದ ನಮಾಜಿಗೆ ಹೋಗಿದ್ದ. ನಾನು ಸ್ಟೇಷನ್ ಕಡೆಯ ಇನ್ನೊಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಶೆಡ್ಡಿಗೆ ನುಗ್ಗಿದೆ. ಗೋಣಿಚೀಲದ ಮೇಲಿದ್ದ ಹಳೆಯದು, ಹೊಸದು ಎಲ್ಲ ಬಾಚಿ ಒಂದು ಡಾಲ್ಡಾ ಡಬ್ಬಿಗೆ ಸುರುವಿ, ಗಾಡಿಯನ್ನು ನೂಕಿಸಿಕೊಂಡು ಹೋದೆ. ಕಳವು ಅಂದರೆ ಕಳವೇ. ಆದರೆ ನನ್ನ ಗಾಡಿಯನ್ನೇ ಕದ್ದವನು ನಾನೊಬ್ಬನೇ ಇರಬೇಕು.

ಸ್ಟೇಷನ್ ಮಿಸ್ತ್ರಿ ಡಬ್ಬಿ ಬಗ್ಗಿಸಿ ತಲೆ ಕೆರೆದುಕೊಂಡ. ಯಾವ ರಾಡು ಯಾವ ಟ್ಯಾಪೆಟ್ಟಿಗೆ? ಆಗ ನಾನು ನನ್ನ ಬುದ್ಧಿ ತೋರಿಸಿದೆ. "ಇದರಾಗ ಏನದ? ಉದ್ದಕ್ಕ ಉದ್ದ, ಗಿಡ್ಡಕ್ಕ ಗಿಡ್ಡ ಹಾಕ್ರಿ. ಜೋಡಿ ಅಂದ್ರ ಹಂಗೇ ಅಲ್ಲೇನು?" ಏಳು ಹೊಸ ಜೋಡಿಯ ನಡುವೆ ಒಂದು ಹಳೆಯ ಜೋಡಿ ಹಾಕಬೇಕಾದಲ್ಲಿ, ನಮ್ಮಿಬ್ಬರ ಜಾಣತನದಿಂದ ಗಿಡ್ಡ ಟ್ಯಾಪೆಟ್ಟಿನ ಮೇಲೆ ಗಿಡ್ಡ ರಾಡು, ಒಂದು ಉದ್ದ ಟ್ಯಾಪೆಟ್ಟಿನ ಮೇಲೆ ಉದ್ದ ರಾಡು ಕೂತವು. ಒಂದು ಕಡೆ ವಾಲು ಮುಚ್ಚುವುದೇ ಇಲ್ಲ, ಇನ್ನೊಂದು ಕಡೆ ತೆರೆಯುವುದೇ ಇಲ್ಲ. ಮರುದಿನ ನಾಲ್ಕು ಮಂದಿ ನೂಕಿದ ಮೇಲೆ ಗಾಡಿ ಕೆಮ್ಮುತ್ತ ಎದ್ದಿತು. ಟಾಕೀಸಿನ ತನಕ ಕುಂಟುತ್ತ ಬಂತು. ಮ್ಯಾಟಿನಿಗೆ ಸಾಲು ನಿಂತಿತ್ತು, ಮ್ಯಾನೇಜರು ಮೆಟ್ಟಿಲ ಮೇಲೆ. ನಾನು ಮೈಕು ಹಿಡಿದು "ಕಲಾರಸಿಕರೇ" ಎಂದೆ. ಒಳಗಿನಿಂದ ಢಣ್ ಎಂದಿತು. ಗಿಡ್ಡ ರಾಡು ತನ್ನ ಜಾಗದಿಂದ ಜಿಗಿದು ಮುಚ್ಚಳಕ್ಕೆ ಬಡಿದಿತ್ತು. ಆಮೇಲೆ ನಾನು ಏನಂದರೂ ಢಣಢಣ. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಿನಿಮಾಕ್ಕಿಂತ ಮೊದಲೇ ಅವರ ದುಡ್ಡು ವಸೂಲಾಗಿತ್ತು.

ಮ್ಯಾನೇಜರು ಕೆಳಗಿಳಿದು ಬಂದು ಮೆಲ್ಲಗೆ ಹೇಳಿದರು, "ಮುಂದಿನ ಶುಕ್ರವಾರ ಇದೇ ಜಾಗದಾಗ ನಿಂತು ಹೇಳ್ರಿ, ನೋಡೋಣು. ಅದೇ ಕಡೇದು."

ಸುದ್ದಿ ಶೆಡ್ಡಿನ ಮಿಸ್ತ್ರಿಗೆ ಮುಟ್ಟಿತ್ತು. ಹೆಗಲ ಮೇಲಿನ ಬಟ್ಟೆ ಸಮೇತ ನಡೆದುಕೊಂಡೇ ಬಂದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆತ ಬಾನೆಟ್ಟು ಎತ್ತಿ, ಇಂಜಿನ್ನಿನ ಮೇಲೆ ಅಂಗೈ ಇಟ್ಟು, "ಮಾಫ್ ಕರ್ ಬೇಟಾ" ಎಂದ. ಕ್ಷಮೆ ಕೇಳಿದ್ದು ನನ್ನನ್ನಲ್ಲ, ಇಂಜಿನ್ನನ್ನು! ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿಯನ್ನು ಶೆಡ್ಡಿಗೆ ಎಳೆಸಿ, ಡಬ್ಬಿಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಒರೆಸಿ ಮತ್ತೆ ಪಂಕ್ತಿ ಹಾಕಿದ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕೊನೆಯದನ್ನು ಒರೆಸಿಟ್ಟು, "ಎಂಟನೇದು ದೇವದುರ್ಗದಾಗ ಅದ ಅಂತ. ನಾಳಿ ಬರ್ತೀರೇನು?" ಎಂದ. ನಾಡಿದ್ದು ಅನ್ನದೆ ನಾಳೆ ಅಂದದ್ದು ಅದೇ ಮೊದಲು.

ಬಸ್ಸಿನಲ್ಲಿ ಹೋದೆವು. ಹುಡುಕಿಕೊಂಡು ಹೋದದ್ದು ಜಜ್ಜಿದ ಕಾರಿನ ಡ್ರೈವರನ ಮನೆಗೆ. ಆತ ಊರಲ್ಲಿರಲಿಲ್ಲ. ಕಟ್ಟೆಯ ಮೇಲೆ ಅವನ ತಾಯಿ ಕೂತಿದ್ದಳು, ಬಾಯಲ್ಲಿ ಒಂದೂ ಹಲ್ಲಿಲ್ಲ. ಮುಂದೆ ನಾಲ್ಕು ಮಡಿಕೆ ಮಾಡಿದ ಕೌದಿಯ ತುಂಡು, ಅದರ ಮೇಲೆ ನನ್ನ ಎಂಟನೆಯ ಟ್ಯಾಪೆಟ್ಟು! ಅದರೊಳಗೆ ಅಡಿಕೆ ಹಾಕಿ, ಜೊತೆಯ ಗಿಡ್ಡ ರಾಡಿನಿಂದ ಕುಟ್ಟುತ್ತಿದ್ದಳು. ನನ್ನ ಒಂದು ತಿಂಗಳ ಅನ್ನ ಆ ಮುದುಕಿಯ ಎಲೆ-ಅಡಿಕೆಯಾಗಿ ಕೂತಿತ್ತು.

ನಾನು ಶುರು ಮಾಡಿದೆ. ನನ್ನ ಕಷ್ಟ, ಮ್ಯಾನೇಜರು, ದಸರೆ, ಎಲ್ಲ. ಓಣಿಯೇ ಸೇರಿತು. ಆಕೆ ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಯಪ್ಪಾ, ನಿನ್ನ ಗಾಡಿ ಸುದ್ದಿ ನನಗ್ಯಾಕ? ಮಗ ತಂದುಕೊಟ್ಟಾನ. ಕಲ್ಲಿನ್ಯಾಗ ಕುಟ್ಟಿದ್ರ ಅಡಿಕಿ ಹಾರಿ ಹೋಗ್ತದ. ಇದರಾಗ ಹಾರಂಗಿಲ್ಲ. ಕೊಡಂಗಿಲ್ಲ ನೋಡು."

ನಾನು ಇನ್ನೂ ಜೋರು ಮಾಡಿದೆ. ಮಿಸ್ತ್ರಿ ನನ್ನ ಮೊಣಕೈ ಹಿಡಿದು ಕೂಡಿಸಿ, ತಾನೂ ಆಕೆಯ ಎದುರು ನೆಲಕ್ಕೆ ಕೂತ. "ಯವ್ವಾ, ಕೆಳಗ ಕೌದಿ ಯಾಕ ಹಾಸೀರಿ?" ಎಂದ.

"ಒಳಗ ಕೂಸು ಮಲಗ್ಯದ. ಸಪ್ಪಳಕ್ಕ ಏಳ್ತದ."

ಆತನ ಮುಖ ಅರಳಿದ್ದು ನೋಡಬೇಕಿತ್ತು. "ನೋಡ್ರಿ ಮೈಕ್ ಸಾಬ್! ಈ ಯವ್ವಗ ಗೊತ್ತದ, ನಿಮಗ ಗೊತ್ತಿಲ್ಲ." ಟ್ಯಾಪೆಟ್ಟನ್ನು ಇಸಿದುಕೊಂಡು ಬುಡ ತಿರುಗಿಸಿ ಬಿಸಿಲಿಗೆ ಹಿಡಿದ. ಕೌದಿಯ ಪುಣ್ಯ, ಒಂದು ಗೀರೂ ಬಿದ್ದಿರಲಿಲ್ಲ. ಹಿಂದಕ್ಕೆ ಆಕೆಯ ಕೈಗೇ ಕೊಟ್ಟುಬಿಟ್ಟ. ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಆತ ಜೇಬಿನಿಂದ ಬಟ್ಟೆಯ ಗಂಟೊಂದನ್ನು ಬಿಚ್ಚಿದ. ಒಳಗೆ ಹಿತ್ತಾಳೆಯ ಪುಟ್ಟ ಕುಟ್ಟಾಣಿ, ಹಿತ್ತಾಳೆಯದೇ ಒನಕೆ, ಬುಡಕ್ಕೆ ರಬ್ಬರಿನ ಬಿಲ್ಲೆ ಅಂಟಿಸಿದ್ದು. ಅಷ್ಟು ದಿನ ಆತ ಸುಮ್ಮನೆ ಕೂತಿರಲಿಲ್ಲ. ಎಂಟನೆಯದು ಯಾರ ಕೈಯಲ್ಲಿ ಏನಾಗಿದೆ ಎಂದು ಗುಜರಿಯವನಿಂದ ತಿಳಿದ ದಿನದಿಂದ ಅದನ್ನು ಕಡೆಯುತ್ತಿದ್ದ. ಅಲ್ಲ, ಒಂದು ಮಾತು ನನಗೆ ಹೇಳಬಾರದಿತ್ತೇ? ಹೇಳಿದ್ದರೆ ನಾನು ಅವತ್ತೇ ಓಡಿ ಬಂದು ಆಕೆಯ ಕೈಯಿಂದ ಕಸಿದುಕೊಳ್ಳುತ್ತಿದ್ದೆ. ಅದಕ್ಕೇ ಹೇಳಿರಲಿಲ್ಲ, ಆಮೇಲೆ ಹೊಳೆಯಿತು.

ಮುದುಕಿ ಹೊಸದರಲ್ಲಿ ಒಂದು ಅಡಿಕೆ ಕುಟ್ಟಿ, ಬಾಯಿಗೆ ಹಾಕಿ, ಬಹಳ ಹೊತ್ತು ಅಗಿದಳು. ಓಣಿಗೆ ಓಣಿಯೇ ಆಕೆಯ ದವಡೆ ನೋಡುತ್ತ ನಿಂತಿತ್ತು. "ಹೂಂ, ಒಯ್ಯಿರಿ," ಎಂದಳು.

ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದರೂ ಆ ಟ್ಯಾಪೆಟ್ಟಿನ ಒಳಗಿನ ಕೆಂಪು ಪೂರ್ತಿ ಹೋಗಲಿಲ್ಲ. ಗುರುವಾರ ಸಂಜೆ ಎಂಟೂ ಜೋಡಿ ಕೂತವು. ಮಿಸ್ತ್ರಿ ಒಂದೊಂದಕ್ಕೂ ತೆಳು ತಗಡು ತೂರಿಸಿ ಸಂದು ಅಳೆದ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಚಾಲೂ ಮಾಡಿದ. ನಾನು "ಯಾಕ್ರೀ, ಚಾಲೂ ಆಗವಲ್ದೇನು?" ಎಂದೆ. ಆತ ನನ್ನ ಅಂಗೈ ಎಳೆದು ಬಾನೆಟ್ಟಿನ ಮೇಲಿಟ್ಟ. ತಗಡು ಸಣ್ಣಗೆ ನಡುಗುತ್ತಿತ್ತು. ಇಂಜಿನ್ನು ಆಗಲೇ ಓಡುತ್ತಿತ್ತು.

ಶುಕ್ರವಾರ ಟಾಕೀಸಿನ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ನು ಆರಿಸದೆ, "ಕಲಾರಸಿಕರೇ" ಎಂದೆ. ನನ್ನ ದನಿ ನನಗೇ ಹೊಸದು. ಮ್ಯಾನೇಜರು ಬೆಚ್ಚಿ ಹೊರಗೆ ಬಂದು, "ಯಾವಾಗ ಬಂದ್ರಿ? ಗೊತ್ತೇ ಆಗಲಿಲ್ಲ!" ಎಂದರು. ಹೊಸ ವ್ಯಾನಿನವನು ಮತ್ತೆ ಆ ಕಡೆ ಸುಳಿಯಲಿಲ್ಲ. ಕೆಲಸ ಉಳಿಯಿತು. ಮನೆಯಲ್ಲಿ ಆವತ್ತು ಹೋಳಿಗೆ.

ಇಷ್ಟಕ್ಕೆ ಮಿಸ್ತ್ರಿ ನನ್ನನ್ನು ಬಿಟ್ಟನೇ? ಮುಂದೆ ಹತ್ತು ವರ್ಷ ಪ್ರಾಣ ತಿಂದ. ಶೆಡ್ಡಿನ ಮುಂದೆ ಗಾಡಿ ಹಾದುಹೋದರೆ ರಸ್ತೆಗೆ ಅಡ್ಡ ಬಂದು ನಿಲ್ಲುತ್ತಿದ್ದ. "ಐದನೇದು ಮಾತಾಡಾಕತ್ತದ, ಬಿಟ್ಟು ಹೋಗ್ರಿ." ನನಗೆ ಏನೂ ಕೇಳುತ್ತಿರಲಿಲ್ಲ. ಲೋಕದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಆತನ ಕಿವಿಗೆ ಕೇಳಿದ್ದರಿಂದ ನನಗೆ ಎರಡು ದಿನ ಸೈಕಲ್ಲು. ಒಂದು ಸಲ ಸಂತೋಷದಲ್ಲಿದ್ದಾಗ, "ಮಿಸ್ತ್ರಿ, ಒಂದು ಪೈಸಾ ಬ್ಯಾಡ, ನಿಮ್ಮ ಹೆಸರು ಮೂರೂ ಊರಾಗ ಸಾರಿಬಿಡ್ತೀನಿ" ಎಂದೆ. ಹಾವು ಕಂಡವನ ಹಾಗೆ ಹಿಂದೆ ಸರಿದ. "ನಕ್ಕೋ ನಕ್ಕೋ! ನನ್ನ ಹೆಸರು ಮೈಕಿನ್ಯಾಗ ಬರಬಾರದು. ಸಪ್ಪಳ ಕಡಿಮಿ ಮಾಡೋದು ನನ್ನ ಕೆಲಸ."

ನನ್ನ ದನಿಯನ್ನು ಊರೆಲ್ಲ ಹೊಗಳಿದರೂ ಆತ ಒಮ್ಮೆಯೂ ಹೊಗಳಲಿಲ್ಲ. ಒಂದೇ ಸಲ, ಅದೂ ನಾನೇ ಬಾಯಿ ಬಿಟ್ಟು ಕೇಳಿದ್ದಕ್ಕೆ, ಸ್ಕ್ರೂಡ್ರೈವರು ಒರೆಸುತ್ತ ಹೇಳಿದ. "ದನಿ ಛಲೋ ಅದ ಸಾಬ್. ಗ್ಯಾಪ್ ಇಲ್ಲ. ಮಾತಿನ ನಡುವ ಒಂದೀಟು ಜಾಗ ಬಿಡ್ರಿ, ಕೇಳಾವರು ಉಸಿರು ತಗೋತಾರ." ಸಿಟ್ಟು ಬಂತು. ಆದರೆ ಮರುದಿನದಿಂದ ಬಿಡತೊಡಗಿದೆ. ಜನ ನಿಂತು ಕೇಳುವುದು ಹೆಚ್ಚಾಯಿತು. ಅದನ್ನು ಆತನಿಗೆ ನಾನು ಹೇಳಲಿಲ್ಲ. ಯಾಕೆ ಹೇಳಬೇಕು?

ಎಂಬತ್ತರ ದಶಕದ ಕೊನೆಗೆ, ಒಂದು ಬೆಳಿಗ್ಗೆ, ಆತನ ತಮ್ಮ ನಮ್ಮ ಮನೆಗೆ ಬಂದ. ಮಿಸ್ತ್ರಿ ನಸುಕಿನಲ್ಲಿ ತೀರಿಕೊಂಡಿದ್ದ. ಮಲಗಿದವನು ಏಳಲಿಲ್ಲವಂತೆ. ಮನೆಯವರಿಗೂ ಸದ್ದಾಗಲಿಲ್ಲವಂತೆ. "ಸಂಜಿಮುಂದ ಅಸರ್ ನಮಾಜಿನ ಮ್ಯಾಲೆ ಜನಾಜಾ ಅದ, ಮಣ್ಣು ಮಾಡ್ತೀವಿ. ಕಲ್ಲೂರು, ಮಾನ್ವಿ ಕಡಿ ಡ್ರೈವರ್ ಮಂದಿಗೆಲ್ಲ ತಿಳಸಬೇಕು. ಭಾಭಿ ನಿಮಗೇ ಹೇಳು ಅಂದ್ರು," ಎಂದು ಒಂದು ಚೀಟಿ ಕೊಟ್ಟ. ಆತನ ಪೂರ್ತಿ ಹೆಸರು ನನಗೆ ಗೊತ್ತಾದದ್ದು ಆ ಚೀಟಿಯಿಂದ.

ಹೆಸರು ಮೈಕಿನಲ್ಲಿ ಬರಬಾರದು ಎಂದಿದ್ದ. ಹೆಸರಿಲ್ಲದೆ ಸಾವಿನ ಸುದ್ದಿ ಸಾರುವುದು ಹೇಗೆ? ಹೋಗುವಾಗಲೂ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿ ಹೋದ. ಆತನ ಮಾತು ಅದೊಂದೇ ಸಲ ಮೀರಿದೆ. ಇಲ್ಲಿ ಬರೆದು ಎರಡನೇ ಸಲ ಮೀರುವುದಿಲ್ಲ.

ಅದೇ ಗಾಡಿ. ಕಲ್ಲೂರಿನಲ್ಲಿ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಮಾನ್ವಿಯ ಸ್ಟ್ಯಾಂಡಿಗೆ ಬಂದಾಗ ಲಾರಿ, ಜೀಪುಗಳ ಡ್ರೈವರುಗಳು ಚಹಾದಂಗಡಿಯ ಮುಂದೆ ಗುಂಪಾಗಿದ್ದರು. ಗಾಡಿ ನಿಧಾನ ಮಾಡಿದೆ. ಹೆಸರು ಹೇಳಿದೆ. ಹೇಳಿ, ರೂಢಿಯಂತೆ, ಒಂದಿಷ್ಟು ಜಾಗ ಬಿಟ್ಟೆ.

ಮೊದಲಾಗಿದ್ದರೆ ಆ ಜಾಗವನ್ನು ಟಕಟಕ ತುಂಬಿಬಿಡುತ್ತಿತ್ತು. ಅವತ್ತು ಏನೂ ಇರಲಿಲ್ಲ. ಇಂಜಿನ್ನು ಓಡುತ್ತಿತ್ತು, ದೇವದುರ್ಗದ ಆ ಎಂಟನೆಯದೂ ಸೇರಿ ಎಲ್ಲವೂ ಬಾಯಿ ಮುಚ್ಚಿಕೊಂಡಿದ್ದವು. ಆ ನಿಶ್ಶಬ್ದದೊಳಗೆ ನನ್ನ ಗಂಟಲಿನಿಂದ ಏನೋ ಬಂತು, ಎರಡೂ ಹಾರ್ನುಗಳಿಂದ ಹೊರಟು ಇಡೀ ಸ್ಟ್ಯಾಂಡಿಗೆ ಹೋಯಿತು. ಡ್ರೈವರುಗಳು ಗ್ಲಾಸು ಕೆಳಗಿಟ್ಟು ಎದ್ದು ನಿಂತರು. ನಾನು ಮೈಕಿನ ಗುಂಡಿ ಆರಿಸಬೇಕಿತ್ತು, ಕೈ ಬರಲಿಲ್ಲ.

ಎಂಟರಲ್ಲಿ ಒಂದಾದರೂ ಬಡಿದಿದ್ದರೆ ಮಾನ್ವಿಯ ಮಂದಿಗೆ ನಾನು ಅತ್ತದ್ದು ಕೇಳುತ್ತಿರಲಿಲ್ಲ.